ಓಡದ ಡಿವಿಡಿಯನ್ನು ಎಸೆಯುವ ಮುನ್ನ



ತಾಳವಾಡಿ ಭಾಗದ ಸದಸ್ಯರು ಇತ್ತೀಚೆಗೆ ನಮ್ಮನ್ನು ಪದೇ ಪದೇ ಕೇಳುತ್ತಿರುವುದು ಹಳೆಯ ಡಿವಿಡಿಗಳ ಬಗ್ಗೆ. "ಕಂಪ್ಯೂಟರಿಗೆ ಹಾಕಿದರೆ ಸುಮ್ಮನೆ ಗರಗರ ಅನ್ನುತ್ತದೆ", "ಸ್ವಲ್ಪ ದೂರ ಓಡಿ ನಿಂತುಬಿಡುತ್ತದೆ", "ಹೊಸ ಲ್ಯಾಪ್‌ಟಾಪಿನಲ್ಲಿ ಸಿಡಿ ಹಾಕುವ ಜಾಗವೇ ಇಲ್ಲವಲ್ಲ" ಎಂಬಂಥ ಪ್ರಶ್ನೆಗಳು. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುವುದಕ್ಕಿಂತ ಒಂದು ಕಡೆ ಬರೆದಿಟ್ಟರೆ ಎಲ್ಲರಿಗೂ ಅನುಕೂಲವೆಂದು ಈ ಬರಹ. ಕಾಸರಗೋಡು, ಹೊಸೂರು, ಅಕ್ಕಲಕೋಟೆ ಕಡೆಯ ಸದಸ್ಯರಿಗೂ ಇದು ಅಷ್ಟೇ ಅನ್ವಯಿಸುತ್ತದೆ.

ಬೀರುವಿನಲ್ಲಿರುವ ಡಿಸ್ಕ್‌ಗಳಲ್ಲಿ ಎರಡು ಜಾತಿ ಇವೆ ಎಂಬುದನ್ನು ಮೊದಲು ಗಮನಿಸಬೇಕು. ಒಂದು, ಅಂಗಡಿಯಲ್ಲಿ ಕೊಂಡ ಸಿನಿಮಾ ಡಿಸ್ಕ್. ಗಾಜನೂರು ಅಣ್ಣಾವ್ರ ಊರಾದ್ದರಿಂದ ನಮ್ಮ ಕಡೆಯ ಮನೆಗಳಲ್ಲಿ ಅವರ ಚಿತ್ರಗಳ ಡಿಸ್ಕ್‌ಗಳಿಗೆ ಬರವಿಲ್ಲ. ಅವು ಹಾಳಾದರೆ ಬೇಸರವಾಗುತ್ತದೆ, ಆದರೆ ಆ ಚಿತ್ರ ಬೇರೆಲ್ಲಾದರೂ ಸಿಕ್ಕೇ ಸಿಗುತ್ತದೆ. ಇನ್ನೊಂದು, ಮದುವೆ, ನಾಮಕರಣ, ಗುಮಟಾಪುರದ ಗೊರೆಹಬ್ಬ, ಕನ್ನಡ ಶಾಲೆಯ ವಾರ್ಷಿಕೋತ್ಸವ, ಮನೆಯ ಮುಂದೆ ಕಂಸಾಳೆಯವರು ಮಾದಪ್ಪನ ಕಥೆ ಹಾಡಿದ ರಾತ್ರಿ, ಸೋಲಿಗರ ಗೊರುಕನ ಇವುಗಳನ್ನು ಯಾರೋ ವಿಡಿಯೋದವರು ಹಿಡಿದು ಬರೆದುಕೊಟ್ಟ ಡಿಸ್ಕ್. ಮನೆಗೆ ಒಂದೋ ಎರಡೋ ಪ್ರತಿ ಕೊಟ್ಟಿರುತ್ತಾರೆ. ಮೂಲ ಟೇಪಿನ ಮೇಲೆ ಮುಂದಿನ ಮದುವೆಯನ್ನು ಹಿಡಿದು ಎಷ್ಟೋ ಕಾಲವಾಗಿರುತ್ತದೆ. ತೀರಿಹೋದ ಅಜ್ಜಿಯ ದನಿ, ಈಗ ಯಾರೂ ಹಾಡದ ಸೋಬಾನೆ ಪದ ಇರುವುದು ಆ ಒಂದು ತಟ್ಟೆಯಲ್ಲಿ ಮಾತ್ರ. ಈ ಬರಹದ ಕಾಳಜಿ ಮುಖ್ಯವಾಗಿ ಈ ಎರಡನೆಯ ಜಾತಿಯ ಬಗ್ಗೆ.

ರಿಪೇರಿಗೆಂದು ಹೊರಟರೆ ದಿಂಬಂ ಘಾಟಿಯ 27 ತಿರುವು ಇಳಿದು ಸತ್ಯಮಂಗಲಕ್ಕೆ ಹೋಗಬೇಕು, ಇಲ್ಲವೇ ಚಾಮರಾಜನಗರಕ್ಕೆ. ಒಂದು ದಿನದ ಕೂಲಿ, ಬಸ್ಸಿನ ದುಡ್ಡು ಕಳೆದುಕೊಂಡು ಹೋದರೆ ಅಲ್ಲಿ ಒಂದು ಸಲ ಹಾಕಿ ನೋಡಿ "ಇದು ಹೋಯ್ತು, ಬಿಸಾಕಿ" ಅನ್ನುವವರೇ ಹೆಚ್ಚು. ಹಾಗೆ ಬಿಸಾಕಿದ ಡಿಸ್ಕ್‌ಗಳಲ್ಲಿ ಎಷ್ಟೋ ನಿಜಕ್ಕೂ ಹೋಗಿರುವುದಿಲ್ಲ.

ತೊಂದರೆ ಎಲ್ಲಿದೆ?

ಡಿವಿಡಿ ಓಡದಿರುವುದಕ್ಕೆ ಕಾರಣ ಮೂರು ಕಡೆ ಇರಬಹುದು. ಓದುವ ಡ್ರೈವಿನಲ್ಲಿ, ತೋರಿಸುವ ತಂತ್ರಾಂಶದಲ್ಲಿ, ಡಿಸ್ಕಿನಲ್ಲೇ. ಇದನ್ನು ಬೇರೆ ಮಾಡಿಕೊಳ್ಳದೆ ಒಂದೇ ಡಿಸ್ಕನ್ನು ಹತ್ತು ಸಲ ಹಾಕಿ ತೆಗೆದು ಮಾಡಬಾರದು. ಓದಲು ಒದ್ದಾಡುವ ಡ್ರೈವ್ ಡಿಸ್ಕನ್ನು ಮತ್ತೆ ಮತ್ತೆ ತಿರುಗಿಸುತ್ತದೆ, ಹಾಕಿ ತೆಗೆಯುವಾಗ ಹೊಸ ಗೀರುಗಳೂ ಬೀಳುತ್ತವೆ.

ಪರೀಕ್ಷೆ ಸುಲಭ. ನೆರೆಯವರ ಕಂಪ್ಯೂಟರಿನಲ್ಲೋ ಡಿವಿಡಿ ಪ್ಲೇಯರಿನಲ್ಲೋ ಚೆನ್ನಾಗಿ ಓಡುವ ಎರಡು ಡಿಸ್ಕ್ ತನ್ನಿ. ಒಂದು ಅಂಗಡಿಯ ಸಿನಿಮಾ ಡಿಸ್ಕ್ ಆಗಿರಲಿ, ಇನ್ನೊಂದು ಯಾರಾದರೂ ಬರೆದುಕೊಟ್ಟದ್ದು. ಹಿಂಬದಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಕಾರ್ಖಾನೆಯ ಡಿಸ್ಕ್ ಬೆಳ್ಳಿಯಂತೆ ಹೊಳೆಯುತ್ತದೆ, ಬರೆದ ಡಿಸ್ಕಿಗೆ ನೇರಳೆ ಅಥವಾ ನೀಲಿ ಛಾಯೆ ಇರುತ್ತದೆ. ಕಾರ್ಖಾನೆಯಲ್ಲಿ ಮಾಹಿತಿಯನ್ನು ಅಚ್ಚೊತ್ತಿರುತ್ತಾರೆ. ಬರೆದ ಡಿಸ್ಕಿನಲ್ಲಿ ಒಂದು ಬಣ್ಣದ ಪದರವನ್ನು ಲೇಸರಿನಿಂದ ಸುಟ್ಟು ಗುರುತು ಮಾಡಿರುತ್ತಾರೆ, ಅದು ಬೆಳಕನ್ನು ಕಡಿಮೆ ಪ್ರತಿಫಲಿಸುತ್ತದೆ. ಹಾಗಾಗಿ ಲೇಸರ್ ಬಲ ಕುಂದಿದ ಹಳೆಯ ಡ್ರೈವ್ ಸಿನಿಮಾವನ್ನು ಸಲೀಸಾಗಿ ಓಡಿಸುತ್ತದೆ, ಮದುವೆಯ ಡಿಸ್ಕನ್ನು ಮಾತ್ರ ಒಲ್ಲೆ ಅನ್ನುತ್ತದೆ. ಮನೆಯವರು ಸಹಜವಾಗಿಯೇ "ಬೇರೆ ಸಿಡಿ ಓಡುತ್ತದಲ್ಲ, ಈ ಸಿಡಿಯೇ ಕೆಟ್ಟಿದೆ" ಅಂದುಕೊಳ್ಳುತ್ತಾರೆ. ಎಸೆಯುವ ಮೊದಲು ಇನ್ನೊಂದು ಡ್ರೈವಿನಲ್ಲಿ ಹಾಕಿ ನೋಡಿ. ಈ ಬರಹದಲ್ಲಿ ಒಂದೇ ಒಂದು ಮಾತನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ.

ಇನ್ನೊಂದು ಗೊಂದಲವೂ ಇದೆ. ನಾವು ಎಲ್ಲವನ್ನೂ ಸಿಡಿ ಅನ್ನುತ್ತೇವೆ. ಆದರೆ ಸಿಡಿಯನ್ನು ಓದುವುದು 780 ನ್ಯಾನೋಮೀಟರಿನ ಲೇಸರ್, ಡಿವಿಡಿಯನ್ನು ಓದುವುದು 650ರದ್ದು. ಡ್ರೈವಿನೊಳಗೆ ಎರಡೂ ಬೇರೆ ಬೇರೆ. ಹಾಡಿನ ಸಿಡಿ ಓಡಿತೆಂದ ಮಾತ್ರಕ್ಕೆ ಡ್ರೈವಿನ ಡಿವಿಡಿ ಕಣ್ಣು ಸರಿಯಿದೆ ಎಂದಲ್ಲ.

ಡ್ರೈವ್

ಯಾವ ಡಿವಿಡಿಯೂ ಓಡದಿದ್ದರೆ ಡ್ರೈವಿನ ಕಡೆ ನೋಡಿ. 'ದಿಸ್ ಪಿಸಿ'ಯಲ್ಲಿ ಡ್ರೈವಿನ ಗುರುತೇ ಕಾಣದಿದ್ದರೆ, ಡಿವೈಸ್ ಮ್ಯಾನೇಜರಿನಲ್ಲಿ ಡಿವಿಡಿ ಡ್ರೈವಿನ ಹೆಸರಿನ ಮೇಲೆ ಬಲ ಕ್ಲಿಕ್ ಮಾಡಿ ಅನ್‌ಇನ್‌ಸ್ಟಾಲ್ ಕೊಟ್ಟು ಕಂಪ್ಯೂಟರನ್ನು ಮತ್ತೆ ಶುರು ಮಾಡಿ. ವಿಂಡೋಸ್ ತಾನೇ ಅದನ್ನು ಗುರುತಿಸಿ ಸೇರಿಸಿಕೊಳ್ಳುತ್ತದೆ. ಡೆಸ್ಕ್‌ಟಾಪ್ ಆದರೆ ಒಳಗಿನ ಕೇಬಲ್ ಸಡಿಲವಾಗಿರಬಹುದು. ಇಲಿ ಕಡಿದಿರುವುದೂ ಉಂಟು, ನಗಬೇಡಿ.

ಚಳಿಗಾಲದ ಬೆಳಿಗ್ಗೆ ಗುಡ್ಡದ ಮಂಜಿನಲ್ಲಿ ತಂದ ಡಿಸ್ಕನ್ನು ಬೆಚ್ಚಗಿನ ಕೋಣೆಗೆ ಬಂದ ಕೂಡಲೇ ಹಾಕಬೇಡಿ. ತಣ್ಣಗಿನ ಡಿಸ್ಕಿನ ಮೇಲೂ ಲೆನ್ಸಿನ ಮೇಲೂ ಕಣ್ಣಿಗೆ ಕಾಣದಷ್ಟು ತೇವ ಕೂರುತ್ತದೆ. ಅರ್ಧ ಗಂಟೆ ಬಿಟ್ಟರೆ ಅದೇ ಆರುತ್ತದೆ. ಲೆನ್ಸಿನ ಮೇಲೆ ದೂಳು ಕುಳಿತಿದ್ದರೆ ಗಾಳಿ ಊದುವ ರಬ್ಬರ್ ಬುರುಡೆಯಿಂದ ಮೆಲ್ಲಗೆ ಊದಬಹುದು. ಬಾಯಿಂದ ಊದಿದರೆ ಎಂಜಲಿನ ಹನಿ ಸಿಡಿಯುತ್ತದೆ.

ಡಿಸ್ಕ್ ಒಳಗೇ ಸಿಕ್ಕಿಕೊಂಡು ಟ್ರೇ ಹೊರಬರದಿದ್ದರೆ, ಕಂಪ್ಯೂಟರ್ ಆರಿಸಿ, ಟ್ರೇ ಮುಂಭಾಗದಲ್ಲಿರುವ ಸಣ್ಣ ತೂತಿಗೆ ನೆಟ್ಟಗೆ ಮಾಡಿದ ಪೇಪರ್ ಕ್ಲಿಪ್ಪನ್ನು ತೂರಿಸಿ ಒತ್ತಿ. ಸ್ಕ್ರೂಡ್ರೈವರಿನಿಂದ ಮೀಟಬೇಡಿ.

ಟ್ರೇ ಇಲ್ಲದ ಲ್ಯಾಪ್‌ಟಾಪಿಗೆ ಯುಎಸ್‌ಬಿಯಲ್ಲಿ ಚುಚ್ಚುವ ಹೊರಗಿನ ಡ್ರೈವ್ ಸಿಗುತ್ತದೆ. ಅದು 'ಟಕ್ ಟಕ್' ಎಂದು ಸದ್ದು ಮಾಡಿ ನಿಂತರೆ ಡ್ರೈವ್ ಕೆಟ್ಟಿದೆ ಎಂದು ತೀರ್ಮಾನಿಸಬೇಡಿ, ಕರೆಂಟು ಸಾಲದೇ ಇರಬಹುದು. ಹಳೆಯ ಯುಎಸ್‌ಬಿ 2 ಕಿಂಡಿ ಕೊಡುವುದು 500 ಮಿಲಿಆಂಪಿಯರ್, ನೀಲಿ ನಾಲಿಗೆಯ ಯುಎಸ್‌ಬಿ 3 ಕಿಂಡಿ 900. ನೀಲಿಯದ್ದಕ್ಕೆ ನೇರವಾಗಿ ಚುಚ್ಚಿ. ನಡುವೆ ಹಬ್ ಬೇಡ, ಉದ್ದದ ವೈರೂ ಬೇಡ. ಡೆಸ್ಕ್‌ಟಾಪ್ ಆದರೆ ಹಿಂಬದಿಯ ಕಿಂಡಿ ಒಳ್ಳೆಯದು.

ತಂತ್ರಾಂಶ

ಡಿಸ್ಕಿನೊಳಗಿನ ಫೈಲುಗಳು ಕಾಣುತ್ತವೆ, ಆದರೆ ವಿಡಿಯೋ ಓಡುವುದಿಲ್ಲ ಎಂದಾದರೆ ಸಂತೋಷಪಡಿ. ಡ್ರೈವೂ ಡಿಸ್ಕೂ ಬಹುಮಟ್ಟಿಗೆ ಸರಿಯಿವೆ ಎಂದರ್ಥ.

2012ರಲ್ಲಿ ಬಂದ ವಿಂಡೋಸ್ 8ರಿಂದ ಈಚೆಗೆ ವಿಂಡೋಸ್ ಮೀಡಿಯಾ ಪ್ಲೇಯರಿನಲ್ಲಿ ಡಿವಿಡಿ ತೋರಿಸುವ ಸೌಲಭ್ಯವನ್ನು ತೆಗೆದುಹಾಕಿದ್ದಾರೆ. ಅದಕ್ಕೂ ಹಿಂದಿನ ವಿಂಡೋಸ್ 7ರ ಸ್ಟಾರ್ಟರ್ ಮತ್ತು ಹೋಮ್ ಬೇಸಿಕ್ ಆವೃತ್ತಿಗಳಲ್ಲಿ ಅದು ಇರಲೇ ಇಲ್ಲ. ಪರಿಹಾರಕ್ಕೆ ದುಡ್ಡು ಬೇಕಿಲ್ಲ. ವಿಎಲ್‌ಸಿ ಎಂಬ ಉಚಿತ ಪ್ಲೇಯರನ್ನು ಹಾಕಿಕೊಳ್ಳಿ. ಕಿತ್ತಳೆ ಬಣ್ಣದ ರಸ್ತೆಯ ಶಂಕುವಿನ ಗುರುತು ಇರುತ್ತದೆ. ಅದರ 'ಮೀಡಿಯಾ' ಪಟ್ಟಿಯಲ್ಲಿ 'ಓಪನ್ ಡಿಸ್ಕ್' ಕೊಟ್ಟು, 'ನೋ ಡಿಸ್ಕ್ ಮೆನುಸ್' ಎಂಬುದಕ್ಕೆ ಗುರುತು ಹಾಕಿ ಓಡಿಸಿ. ಮದುವೆ ಡಿಸ್ಕ್‌ಗಳಲ್ಲಿ ಹೂವು, ಜೋಡಿ ಹಂಸ, ತೇಲಿಬರುವ ಹೃದಯಗಳ ಒಂದು ಮೆನು ಇರುತ್ತದಲ್ಲ, ಎಷ್ಟೋ ಸಲ ಕೆಟ್ಟಿರುವುದು ಅದೊಂದೇ. ಅದನ್ನು ದಾಟಿದರೆ ಮದುವೆ ಪೂರ್ತಿ ಓಡುತ್ತದೆ.

ತಮಿಳುನಾಡು ಸರ್ಕಾರ ವಿದ್ಯಾರ್ಥಿಗಳಿಗೆ ಕೊಟ್ಟ ಉಚಿತ ಲ್ಯಾಪ್‌ಟಾಪ್ ನಮ್ಮ ಕಡೆಯ ಹಲವು ಮನೆಗಳಲ್ಲಿರುವ ಏಕೈಕ ಕಂಪ್ಯೂಟರ್. ಅವುಗಳಲ್ಲಿ ವಿಂಡೋಸ್ ಜೊತೆಗೆ ಬಾಸ್ ಲಿನಕ್ಸ್ ಕೂಡ ಇರುತ್ತಿತ್ತು. ಲಿನಕ್ಸ್ ಎಂದೊಡನೆ ಹೆದರುವುದು ಬೇಡ. ವಿಎಲ್‌ಸಿ ಅದಕ್ಕೂ ಇದೆ. ಮುಂದೆ ಹೇಳುವ ಕೆಲಸಕ್ಕೆ ಲಿನಕ್ಸೇ ವಾಸಿ.

ಚಿತ್ರ ಓಡುತ್ತಿದೆ, ಆದರೆ ಯಾರಾದರೂ ಕೈ ಅಲ್ಲಾಡಿಸಿದಾಗ ಅಂಚಿನಲ್ಲಿ ಬಾಚಣಿಗೆ ಹಲ್ಲಿನಂಥ ಗೆರೆಗಳು ಕಾಣುತ್ತವೆ ಎಂದರೆ ಅದು ಡಿಸ್ಕಿನ ದೋಷವಲ್ಲ. ಆಗಿನ ಕ್ಯಾಮೆರಾಗಳು ಹಳೆಯ ಟಿವಿಗೆ ಹೊಂದುವಂತೆ ಒಂದು ಚಿತ್ರವನ್ನು ಸಾಲು ಬಿಟ್ಟು ಸಾಲಾಗಿ ಎರಡು ಭಾಗ ಮಾಡಿ ಹಿಡಿಯುತ್ತಿದ್ದವು. ವಿಎಲ್‌ಸಿಯ 'ವಿಡಿಯೋ' ಪಟ್ಟಿಯಲ್ಲಿ 'ಡಿಇಂಟರ್ಲೇಸ್' ಆನ್ ಮಾಡಿದರೆ ಗೆರೆ ಹೋಗುತ್ತದೆ.

ಸಿನಿಮಾ ಡಿಸ್ಕಿನಲ್ಲಿ ಹಾಡು ಜೋರಾಗಿ ಕೇಳುತ್ತದೆ, ಮಾತು ಮಾತ್ರ ಪಿಸುಗುಟ್ಟಿದ ಹಾಗಿದೆ ಎನ್ನುವ ದೂರಿಗೂ ಕಾರಣವಿದೆ. ಆರು ಸ್ಪೀಕರಿಗೆಂದು ಮಾಡಿದ ಧ್ವನಿಯಲ್ಲಿ ಮಾತನ್ನು ನಡುವಿನ ಸ್ಪೀಕರಿಗೆ ಇಟ್ಟಿರುತ್ತಾರೆ, ನಮ್ಮ ಬಳಿ ಇರುವುದು ಎರಡೇ. 'ಆಡಿಯೋ ಟ್ರ್ಯಾಕ್' ಪಟ್ಟಿಯಲ್ಲಿ ಸ್ಟೀರಿಯೋ ಇದ್ದರೆ ಅದನ್ನು ಆರಿಸಿ. ಸಿನಿಮಾದ ನಡುವೆ ಒಂದೇ ಒಂದು ಕಡೆ ಚಿತ್ರ ಅರೆಕ್ಷಣ ನಿಂತು ಮುಂದೆ ಹೋಗುವುದನ್ನೂ ಕೆಲವರು ದೋಷವೆಂದು ತಿಳಿಯುತ್ತಾರೆ. 8.5 ಜಿಬಿಯ ಎರಡು ಪದರದ ಡಿಸ್ಕಿನಲ್ಲಿ ಲೇಸರ್ ಮೊದಲ ಪದರದಿಂದ ಎರಡನೆಯದಕ್ಕೆ ಹಾರುವ ಜಾಗ ಅದು. ಬಿಟ್ಟುಬಿಡಿ.

ಇನ್ನೂ ವಿಂಡೋಸ್ ಎಕ್ಸ್‌ಪಿ ಓಡುತ್ತಿರುವ ಹಳೆಯ ಡೆಸ್ಕ್‌ಟಾಪಿನಲ್ಲಿ ಚಿತ್ರ ತಡವರಿಸಿ ತಡವರಿಸಿ ಓಡಿದರೆ, ಡಿವೈಸ್ ಮ್ಯಾನೇಜರಿನಲ್ಲಿ ಡ್ರೈವ್ ಸೇರಿರುವ ಐಡಿಇ ಚಾನೆಲ್ಲಿನ ಗುಣಲಕ್ಷಣ ನೋಡಿ. ಡಿಸ್ಕ್ ಓದುವಾಗ ಹಲವು ಸಲ ತಪ್ಪು ಬಂದರೆ ಎಕ್ಸ್‌ಪಿ ಆ ಡ್ರೈವನ್ನು 'ಪಿಐಓ' ಎಂಬ ನಿಧಾನದ ಬಗೆಗೆ ಇಳಿಸಿಬಿಡುತ್ತದೆ, ಆಮೇಲೆ ಒಳ್ಳೆಯ ಡಿಸ್ಕ್ ಹಾಕಿದರೂ ತಾನಾಗಿ ಮೇಲೇರುವುದಿಲ್ಲ. ಆ ಚಾನೆಲ್ಲನ್ನು ಅನ್‌ಇನ್‌ಸ್ಟಾಲ್ ಮಾಡಿ ಕಂಪ್ಯೂಟರನ್ನು ಮತ್ತೆ ಶುರು ಮಾಡಿದರೆ ಸರಿಹೋಗುತ್ತದೆ.

ವಿದೇಶದ ನೆಂಟರು ಕಳಿಸಿದ ಡಿಸ್ಕ್ ಆದರೆ ವಲಯದ ತೊಡಕು ಬರಬಹುದು. ಭಾರತ 5ನೇ ವಲಯ, ಅಮೆರಿಕ 1, ಕೊಲ್ಲಿ ದೇಶಗಳು 2. ಕಂಪ್ಯೂಟರ್ ಡ್ರೈವಿನ ವಲಯವನ್ನು ಒಟ್ಟು ಐದೇ ಸಲ ಬದಲಿಸಬಹುದು, ಆಮೇಲೆ ಅದು ಅಲ್ಲೇ ಗಟ್ಟಿಯಾಗುತ್ತದೆ. ಒಂದು ಸಿನಿಮಾಕ್ಕಾಗಿ 'ಓಕೆ' ಒತ್ತುವ ಮೊದಲು ಯೋಚಿಸಿ. ಮದುವೆ, ಹಬ್ಬದ ಡಿಸ್ಕ್‌ಗಳಿಗೆ ಈ ಕಟ್ಟುಪಾಡು ಇಲ್ಲ.

ಡಿಸ್ಕ್

ಹಿಂಬದಿಯಲ್ಲಿ ಬೆರಳಚ್ಚು, ಎಣ್ಣೆ, ದೂಳು ಇದ್ದರೆ ಹಳೆಯ ಮೆತ್ತನೆಯ ಹತ್ತಿಬಟ್ಟೆಯಿಂದ ನಡುವಿನ ತೂತಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ. ದೋಸೆಕಲ್ಲು ಸವರುವ ಹಾಗೆ ಸುತ್ತಿಸಿ ಒರೆಸಬೇಡಿ. ಮಾಹಿತಿ ಇರುವುದು ಒಳಗಿನಿಂದ ಹೊರಕ್ಕೆ ಸುರುಳಿಯಾಗಿ. ಅಡ್ಡ ಬಿದ್ದ ಗೀರು ಒಂದೊಂದು ಸುತ್ತಿನಲ್ಲಿ ಚೂರೇ ಚೂರು ಅಳಿಸುತ್ತದೆ, ಅದನ್ನು ಡ್ರೈವ್ ತಾನೇ ಲೆಕ್ಕ ಹಾಕಿ ತುಂಬಿಕೊಳ್ಳುತ್ತದೆ. ಸುರುಳಿಯ ಗುಂಟ ಬಿದ್ದ ಗೀರು ಒಂದೇ ಕಡೆ ಉದ್ದಕ್ಕೂ ಅಳಿಸುವುದರಿಂದ ತುಂಬಲು ಆಗುವುದಿಲ್ಲ. ಜಿಡ್ಡು ಹೋಗದಿದ್ದರೆ ನೀರಿಗೆ ಒಂದು ತೊಟ್ಟು ಸೋಪು ಸೇರಿಸಿ ತೊಳೆದು ನೆರಳಿನಲ್ಲಿ ಆರಿಸಿ. ಪೆಟ್ರೋಲ್, ತಿನ್ನರ್ ಮುಟ್ಟಿಸಬೇಡಿ. ಟೂತ್‌ಪೇಸ್ಟ್ ಉಜ್ಜುವ ಉಪಾಯವನ್ನು ಎಲ್ಲರೂ ಹೇಳುತ್ತಾರೆ. ಇರುವುದೊಂದೇ ಪ್ರತಿಯ ಮೇಲೆ ಆ ಪ್ರಯೋಗ ಬೇಡವೆಂದು ನಮ್ಮ ಸಲಹೆ.

ಕಾಸರಗೋಡಿನ ಸದಸ್ಯರು ಯಕ್ಷಗಾನ, ತಾಳಮದ್ದಳೆಯ ಡಿಸ್ಕ್‌ಗಳನ್ನು ಕರಾವಳಿಯ ಮಳೆಗಾಲದಲ್ಲಿ ಕಾಪಾಡಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಒತ್ತೊತ್ತಾಗಿ ತುಂಬಿದರೆ ಬೂಷ್ಟು ಹಿಡಿಯುತ್ತದೆ. ಗಟ್ಟಿ ಡಬ್ಬಿಯಲ್ಲಿ ನಿಲ್ಲಿಸಿ ಇಡುವುದು ಉತ್ತಮ. ಬರೆದ ಡಿಸ್ಕಿನ ದೊಡ್ಡ ಶತ್ರು ಬಿಸಿಲು. ಟಿವಿಯ ಪಕ್ಕ ಕಿಟಕಿಯ ಬಳಿ ಇಟ್ಟರೆ ಆ ಬಣ್ಣದ ಪದರ ಮಾಸುತ್ತದೆ. ಮೇಲೆ ಅಂಟಿಸಿದ ಗಂಡು ಹೆಣ್ಣಿನ ಫೋಟೋ ಸ್ಟಿಕ್ಕರ್ ಒಂದು ಕಡೆ ಎದ್ದಿದ್ದರೆ ಡಿಸ್ಕ್ ತಿರುಗುವಾಗ ಅದುರುತ್ತದೆ. ಹಾಗೆಂದು ಕಿತ್ತುಹಾಕಬೇಡಿ, ಒಳಪದರವೂ ಜೊತೆಗೆ ಬರಬಹುದು. ಎದ್ದ ಅಂಚನ್ನು ಮೆಲ್ಲಗೆ ಒತ್ತಿ ಕೂರಿಸಿ.

ಮುಹೂರ್ತದವರೆಗೆ ಚೆನ್ನಾಗಿ ಓಡಿ ಊಟದ ಪಂಕ್ತಿ ಬರುವಾಗ ನಿಲ್ಲುತ್ತದೆ ಎನ್ನುವವರು ಬಹಳ. ಒಳಗಿನಿಂದ ಹೊರಕ್ಕೆ ಬರೆದಿರುವುದರಿಂದ ಕೊನೆಯ ಭಾಗ ಅಂಚಿನಲ್ಲಿರುತ್ತದೆ, ಕೈ ತಾಗುವುದೂ ಪದರ ಕೆಡುವುದೂ ಹೆಚ್ಚಾಗಿ ಅಲ್ಲೇ. ಹಾಗಾದರೆ ಮುಹೂರ್ತದವರೆಗಿನ ಭಾಗ ಇನ್ನೂ ಗಟ್ಟಿಯಾಗಿದೆ. ಅದನ್ನು ಇವತ್ತೇ ತೆಗೆದಿಟ್ಟುಕೊಳ್ಳಿ.

ಇನ್ನೊಂದು ಮುಖ್ಯ ಎಚ್ಚರಿಕೆ. ಕೆಲವು ಕ್ಯಾಮೆರಾ ಮತ್ತು ರೆಕಾರ್ಡರುಗಳಲ್ಲಿ ಬರೆದ ಮೇಲೆ 'ಫೈನಲೈಸ್' ಎಂಬ ಕೊನೆಯ ಕೆಲಸ ಮಾಡಬೇಕಿತ್ತು. ಮಾಡದೆ ಬಿಟ್ಟ ಡಿಸ್ಕನ್ನು ಕಂಪ್ಯೂಟರ್ ಖಾಲಿಯೆಂದು ತಿಳಿದು "ಈ ಡಿಸ್ಕನ್ನು ಹೇಗೆ ಬಳಸುತ್ತೀರಿ" ಎಂದು ಕೇಳುತ್ತದೆ. 'ಕ್ಯಾನ್ಸಲ್' ಒತ್ತಿ. ಹಿಂಬದಿಯನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಬರೆದ ಭಾಗಕ್ಕೂ ಬರೆಯದ ಭಾಗಕ್ಕೂ ನಡುವೆ ಉಂಗುರದಂತೆ ಬಣ್ಣದ ವ್ಯತ್ಯಾಸ ಕಂಡರೆ ಅದು ಖಾಲಿಯಲ್ಲ. ಹಿಡಿದ ಯಂತ್ರ ಇನ್ನೂ ಇದ್ದರೆ ಅದರಲ್ಲೇ ಹಾಕಿ ಫೈನಲೈಸ್ ಮಾಡಿಸಬಹುದು.

ಓಡಿದ ಕೂಡಲೇ ನಕಲು

ಹೇಗಾದರೂ ಒಮ್ಮೆ ಓಡಿತು ಎಂದಾದರೆ ಮನೆಮಂದಿಯನ್ನೆಲ್ಲ ಕರೆದು ಕೂರಿಸಿ ನೋಡುವ ಮೊದಲು ನಕಲು ಮಾಡಿ. ಕರೆಂಟು ಹೋಗುವ ಹೊತ್ತು ನೋಡಿಕೊಂಡು ಶುರು ಮಾಡಿ. ಲ್ಯಾಪ್‌ಟಾಪ್ ಆದರೆ ಚಾರ್ಜ್ ತುಂಬಿರಲಿ.

ಡಿಸ್ಕನ್ನು ತೆರೆದರೆ 'ವಿಡಿಯೋ ಟಿಎಸ್' ಎಂಬ ಫೋಲ್ಡರ್ ಕಾಣುತ್ತದೆ. 'ಆಡಿಯೋ ಟಿಎಸ್' ಎಂಬುದು ಖಾಲಿ ಇರುತ್ತದೆ, ಗಾಬರಿ ಬೇಡ. ಮೊದಲನೆಯದನ್ನು ಹಾಗೇ ಕಂಪ್ಯೂಟರಿಗೆ ಎಳೆದು ಹಾಕಿ. ಅದರೊಳಗಿನ 'ವಿಓಬಿ' ಎಂದು ಮುಗಿಯುವ ದೊಡ್ಡ ಫೈಲುಗಳೇ ವಿಡಿಯೋ. ಪ್ರತಿಯೊಂದೂ ಹೆಚ್ಚೆಂದರೆ 1 ಜಿಬಿ. 1, 2, 3 ಎಂಬ ಅಂಕೆಯ ಕ್ರಮದಲ್ಲಿ ವಿಎಲ್‌ಸಿಯಲ್ಲಿ ಓಡುತ್ತವೆ. ಒಂದು ಫೈಲ್ ತಪ್ಪು ತೋರಿಸಿ ನಿಂತರೆ ಅದನ್ನು ಬಿಟ್ಟು ಮಿಕ್ಕವನ್ನು ಒಂದೊಂದಾಗಿ ನಕಲಿಸಿ. ಫೋಲ್ಡರಿನ ಹೆಸರು 'ಎಂಪಿಇಜಿಎವಿ' ಎಂದಿದ್ದರೆ ಅದು ಡಿವಿಡಿಯಲ್ಲ, ಹಳೆಯ ವಿಸಿಡಿ. ಅದರಲ್ಲಿ 'ಡಿಎಟಿ' ಫೈಲನ್ನು ಹುಡುಕಿ.

ಸುಮ್ಮನೆ ಎಳೆದು ಹಾಕಿದರೆ ಬಾರದ ಡಿಸ್ಕ್‌ಗಳಿಗೆ ಲಿನಕ್ಸಿನ 'ಡಿಡಿರೆಸ್ಕ್ಯೂ' ನಾವು ಕಂಡಂತೆ ಎಲ್ಲಕ್ಕಿಂತ ಒಳ್ಳೆಯದು. ಉಬುಂಟುವಿನಲ್ಲಿ 'ಜಿಡಿಡಿರೆಸ್ಕ್ಯೂ' ಎಂಬ ಹೆಸರಿನಲ್ಲಿ ಸಿಗುತ್ತದೆ. ಸಾಮಾನ್ಯ ನಕಲು ಕೆಟ್ಟ ಜಾಗದಲ್ಲಿ ಮುಗ್ಗರಿಸಿ ಕೈಚೆಲ್ಲುತ್ತದೆ. ಇದು ಕೆಟ್ಟ ಜಾಗವನ್ನು ಹಾರಿ ಮೊದಲು ಒಳ್ಳೆಯದನ್ನೆಲ್ಲ ಎತ್ತಿಕೊಳ್ಳುತ್ತದೆ, ಆಮೇಲೆ ಬಿಟ್ಟುಹೋದ ಕಡೆಗೆ ಬಂದು ಚೂರು ಚೂರಾಗಿ ಕೆದಕುತ್ತದೆ. ಎಲ್ಲೆಲ್ಲಿ ಸಿಕ್ಕಿತು, ಎಲ್ಲೆಲ್ಲಿ ಸಿಗಲಿಲ್ಲ ಎಂಬ ನಕ್ಷೆಯನ್ನೂ ಒಂದು ಫೈಲಿನಲ್ಲಿ ಇಟ್ಟುಕೊಳ್ಳುತ್ತದೆ. ಅದರ ಸೊಗಸು ಇರುವುದೇ ಆ ನಕ್ಷೆಯಲ್ಲಿ. ಅದೇ ನಕ್ಷೆಯೊಂದಿಗೆ ಡಿಸ್ಕನ್ನು ಇನ್ನೊಬ್ಬರ ಡ್ರೈವಿನಲ್ಲಿ ಹಾಕಿದರೆ ಬಾಕಿ ಉಳಿದದ್ದನ್ನು ಮಾತ್ರ ಓದಲು ಹೋಗುತ್ತದೆ. ಒಂದು ಡ್ರೈವಿಗೆ ಕಾಣದ್ದು ಇನ್ನೊಂದಕ್ಕೆ ಕಾಣುವುದು ಅಪರೂಪವಲ್ಲ, ಹೀಗೆ ಎರಡು ಮೂರು ಮನೆಗಳ ಡ್ರೈವ್ ಸೇರಿ ಒಂದು ಮದುವೆ ಪೂರ್ತಿಯಾಗಬಹುದು. ರಾತ್ರಿಯೆಲ್ಲ ಹಿಡಿದರೂ ಹಿಡಿಯಲಿ, ತಾಳ್ಮೆ ಇರಲಿ.

ಪೆನ್‌ಡ್ರೈವಿಗೆ ಹಾಕುವಾಗ ಒಂದು ತೊಡಕು ಬರುತ್ತದೆ. ತುಂಬಿದ ಒಂದು ಪದರದ ಡಿವಿಡಿ 4.7 ಜಿಬಿ, ಡಿಡಿರೆಸ್ಕ್ಯೂ ಅದನ್ನು ಒಂದೇ ದೊಡ್ಡ ಫೈಲಾಗಿ ಕೊಡುತ್ತದೆ. 'ಫ್ಯಾಟ್ 32' ಬಗೆಯ ಪೆನ್‌ಡ್ರೈವಿನಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಸುವುದಿಲ್ಲ. ಪೆನ್‌ಡ್ರೈವ್ ಖಾಲಿ ಇದ್ದರೂ "ಜಾಗವಿಲ್ಲ" ಎನ್ನುವುದು ಇದಕ್ಕೇ. ಒಳಗೆ ಬೇಕಾದದ್ದು ಏನೂ ಇಲ್ಲವೆಂದು ನೋಡಿಕೊಂಡು 'ಎಕ್ಸ್‌ಫ್ಯಾಟ್' ಎಂದು ಫಾರ್ಮ್ಯಾಟ್ ಮಾಡಿದರೆ ಸರಿ. 32 ಜಿಬಿಯ ಒಂದು ಪೆನ್‌ಡ್ರೈವಿನಲ್ಲಿ ಇಂಥ ಆರು ಡಿಸ್ಕ್ ಹಿಡಿಸುತ್ತವೆ. ಟಿವಿಯಲ್ಲೂ ಫೋನಿನಲ್ಲೂ ನೋಡಲು ಉಚಿತವಾದ ಹ್ಯಾಂಡ್‌ಬ್ರೇಕ್ ತಂತ್ರಾಂಶದಿಂದ ಎಂಪಿ4 ಮಾಡಿಕೊಳ್ಳಬಹುದು. ಮೂಲ ನಕಲನ್ನು ಅಳಿಸಬೇಡಿ, ಮತ್ತು ಒಂದು ಪ್ರತಿ ಬೇರೊಂದು ಮನೆಯಲ್ಲಿರಲಿ, ಮಗಳ ಮನೆಯಲ್ಲೋ ತಮ್ಮನ ಮನೆಯಲ್ಲೋ.

ಫೈಲಿಗೆ ಕನ್ನಡದಲ್ಲೇ ಹೆಸರು ಕೊಡಿ. ಊರು, ಸಂದರ್ಭ, ಇಸವಿ ಇದ್ದರೆ ಸಾಕು. ಜೊತೆಗೆ ಒಂದು ಹಾಳೆಯಲ್ಲಿ ಯಾರು ಯಾರು ಕಾಣಿಸುತ್ತಾರೆ, ಹಾಡುತ್ತಿರುವವರು ಯಾರು, ಯಾವ ಪದ ಎಂದು ಬರೆದಿಡಿ. ಇದನ್ನು ಮನೆಯ ಹಿರಿಯರನ್ನು ಕೂರಿಸಿಕೊಂಡೇ ಮಾಡಬೇಕು. ಡಿಸ್ಕನ್ನು ಡ್ರೈವ್ ಓದಬಲ್ಲದು, ಪಂದಲಿನ ಕಂಬಕ್ಕೆ ಒರಗಿ ನಿಂತವರು ಯಾರೆಂದು ಹೇಳಬಲ್ಲವರು ಅವರೇ.

ಕಂಸಾಳೆ, ಗೊರುಕನ, ಗೊರೆಹಬ್ಬ, ಸೋಬಾನೆ, ಶಾಲೆಯ ಕಾರ್ಯಕ್ರಮಗಳ ಡಿಸ್ಕ್ ನಿಮ್ಮಲ್ಲಿದ್ದು ಮನೆಯಲ್ಲಿ ಓಡದಿದ್ದರೆ ಸಂಘದ ಮುಂದಿನ ಸಭೆಗೆ ಬರುವಾಗ ತನ್ನಿ. ಎರಡು ಬೇರೆ ಬೇರೆ ಡ್ರೈವ್‌ಗಳಲ್ಲಿ ಹಾಕಿ ನೋಡಿ, ಬಂದಷ್ಟನ್ನು ನೀವು ತಂದ ಪೆನ್‌ಡ್ರೈವಿಗೆ ಹಾಕಿಕೊಡುತ್ತೇವೆ. ಡಿಸ್ಕನ್ನು ಗಟ್ಟಿ ಡಬ್ಬಿಯಲ್ಲಿಟ್ಟು, ಮೇಲೆ ನಿಮ್ಮ ಹೆಸರನ್ನು ಡಬ್ಬಿಗೇ ಬರೆಯಿರಿ, ಡಿಸ್ಕಿನ ಮೇಲೆ ಬಾಲ್‌ಪೆನ್ನಿನಿಂದ ಬರೆಯಬೇಡಿ.